ಕೆರೆಗೆ ಬಿಡದ ಗಾದಿ

ಮನೆಯಲ್ಲಿ ಹಿರಿಯರು ತೀರಿಕೊಂಡರೆ ಅವರ ಹಾಸಿಗೆ, ಬಟ್ಟೆಗಳನ್ನು ನೀರಿಗೆ ಬಿಡುವುದು ನಮ್ಮ ಓಣಿಯ ರೂಢಿ. ಹೀಗೆ ಬಿಟ್ಟ ಗಂಟುಗಳಿಂದಲೇ ಭಾಗ್ಯನಗರದ ಅಂಚಿನ ಸಣ್ಣ ಕೆರೆ ಕೆಟ್ಟುಹೋಗಿತ್ತು. ಅದರ ಸುತ್ತ ತಂತಿಬೇಲಿ ಹಾಕಿ ಕಾಯ್ದ ಬೇವು, ಜಾಲಿಯ ಕಾಡಿಗೆ ಹಕ್ಕಿಗಳು ಬರುವುದು ಕಡಿಮೆಯಾಗಿತ್ತು. ಓಣಿಯ ಬೋರು ಬತ್ತಿತ್ತು.

ಆ ಬೇಸಿಗೆಯಲ್ಲಿ ನಮ್ಮ ಓಣಿಯ ಶೇಖರಮ್ಮನ ಯಜಮಾನರಾದ ಗವಿಸಿದ್ದಪ್ಪನವರು ಶಿವಾಧೀನರಾದರು. ದಿನಕಾರ್ಯ ಮುಗಿದ ಮರುದಿನ ಆಕೆ ಮಗ ಕೊಟ್ರೇಶನ ತಲೆಯ ಮೇಲೆ ಗಾದಿಯ ಗಂಟು ಹೊರಿಸಿಕೊಂಡು ಕೆರೆಗೆ ಬಂದಳು. ಕೆರೆ ನೋಡಿಕೊಳ್ಳುವ ಮಹಿಳಾ ಸಂಘದ ನೇತ್ರಾವತಿ ಕಾಲುವೆಯ ಬಾಯಿಯಲ್ಲಿ ಕಸ ಎಳೆಯುತ್ತಿದ್ದಳು.

“ಚಿಗವ್ವಾ, ಗಂಟು ನೀರಿಗೆ ಬ್ಯಾಡ್ರಿ.”

“ಬಿಡಲಿಲ್ಲಂದ್ರ ಅವರ ಜೀವಕ್ಕ ಶಾಂತಿ ಸಿಗಂಗಿಲ್ಲವ್ವ. ಆ ಪಾಪ ನೀ ಹೊರತೀಯೇನು?”

“ಗಾದಿ ಕೈಲಾಸಕ್ಕ ಹೋಗಂಗಿಲ್ರಿ. ಗಾಳಿಗೆ ತೇಲಿ ಇಲ್ಲಿ ಕಾಲುವಿ ಬಾಯಾಗ ಬಂದು ಕುಂದರತೈತಿ.” ನೇತ್ರಾವತಿ ಕೊಳೆತ ತಲೆದಿಂಬೊಂದನ್ನು ಎಳೆದು ತೋರಿಸಿದಳು. “ಮಳಿನೀರು ಕೆರಿಗೆ ಬರಾಕ ಇದೊಂದ ದಾರಿ. ಕೆರಿ ತುಂಬಲಿಲ್ಲಂದ್ರ ಬೋರಿಗೆ ನೀರು ಎಲ್ಲಿಂದ ಬರಬೇಕು? ಅರಿವಿ-ಬಟ್ಟಿ ಕೊಳತ್ರ ಮೀನು ಸಾಯತಾವ. ಮೀನಿಲ್ಲದ ಕೆರಿಗೆ ಹಕ್ಕಿ ಯಾಕ ಬರತಾವ?”

“ಎಲ್ಲಾರೂ ಬಿಟ್ಟಾರ. ನಾ ಬಿಡಲಿಲ್ಲಂದ್ರ, ಗಂಡನ ಗಾದಿ ಮ್ಯಾಲೂ ಆಸಿ ಐತಿ ಈಕಿಗೆ ಅಂತಾರ.”

ಗಂಟು ಹೊತ್ತೇ ನಿಂತಿದ್ದ ಕೊಟ್ರೇಶ ಬಾಯಿ ಬಿಟ್ಟ. “ಯವ್ವಾ, ನನ್ನ ಕುತ್ತಿಗಿ ಬಿದ್ದು ಹೋಗೂದರಾಗ ಒಂದು ಮಾತು ಕೇಳು. ಅಪ್ಪ ಈ ನೀರು ಮುಟ್ಟೂ ಮುಂದ ಚಪ್ಪಲಿ ಬಿಟ್ಟು, ಗಂಗವ್ವ ಅಂತ ಕೈ ಮುಗೀತಿದ್ದ. ಆಕಿ ಮ್ಯಾಲೆ ಅವನ ಜಡ್ಡಿನ ಗಾದಿ ಒಗದ್ರ ಒಪ್ಪತಾನೇನು?”

ಶೇಖರಮ್ಮ ಮಗನ ತಲೆಯ ಮೇಲಿನ ಗಂಟನ್ನು ದಂಡೆಗೆ ಇಳಿಸಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಏನ್ ಮಾಡಬೇಕು, ಹೇಳವ್ವ.”

“ಗಂಟಿನ ಮ್ಯಾಲೆ ಒಂದು ಬೊಗಸಿ ನೀರು ಚಿಮುಕಿಸಿ ಶಿವನ್ನ ನೆನೀರಿ. ಛಲೋ ಅರಿವಿ ಬಿಸಿನೀರಾಗ ಒಗದು ಇಲ್ಲದವರಿಗೆ ಕೊಡ್ರಿ. ಹರಕ ಗಾದಿ ಕಸದ ಗಾಡಿಗೆ ಹಾಕ್ರಿ.”

ಆಕೆ ಹಾಗೆಯೇ ಮಾಡಿದಳು. ಮುಂದೆ ಓಣಿಯಲ್ಲಿ ಯಾರು ತೀರಿಕೊಂಡರೂ ತಾನೇ ಹೋಗಿ ಅತ್ತು, ಸಮಾಧಾನ ಹೇಳಿ, ಗಂಟು ಕೆರೆಗೆ ಹೋಗದಂತೆ ನೋಡಿಕೊಂಡಳು. ಸಂಘದವರ ಜೊತೆ ಕೂಡಿ ಕಾಲುವೆಯ ಕಸವನ್ನೂ ತೆಗೆಸಿದಳು.

ಮಳೆಗಾಲದಲ್ಲಿ ಕೆರೆ ತುಂಬಿ ಕೋಡಿ ಹರಿಯಿತು. ಬೋರಿಗೆ ನೀರು ಬಂತು. ಜಾಲಿಯ ಮರಗಳಲ್ಲಿ ಕೊಕ್ಕರೆಗಳು ಗೂಡು ಕಟ್ಟಿದವು. ಓಣಿಯ ಹೆಂಗಸರೆಲ್ಲ ಗಂಗಾಪೂಜೆಗೆ ಬಂದಾಗ ಶೇಖರಮ್ಮ ಹಿಂದೆ ನಿಂತಳು.

“ಗಂಡ ಸತ್ತಾಕಿ ನಾ. ಮುಂದ ಬರಬಾರದವ್ವ.”

“ಕೆರಿ ತುಂಬಿಸಿದಾಕಿ ನೀವು,” ಎಂದಳು ನೇತ್ರಾವತಿ. “ಗಂಗವ್ವ ನಿಮ್ಮ ಹಣಿ ನೋಡಂಗಿಲ್ರಿ, ಕೈ ನೋಡತಾಳ.”

ಹೆಂಗಸರು ದಾರಿ ಬಿಟ್ಟರು. ಶೇಖರಮ್ಮ ಮೊದಲ ಹೂವನ್ನು ನೀರಿಗೆ ಹಾಕದೆ ದಂಡೆಯ ಕಲ್ಲಿನ ಮೇಲಿಟ್ಟು, ಆರತಿ ಎತ್ತಿದಳು.

ತಾಯಂದಿರೇ, ಅಣ್ಣಂದಿರೇ, ಅಗಲಿಕೆಯ ದುಃಖ ಯಾವ ಮನೆಯನ್ನೂ ಬಿಟ್ಟಿಲ್ಲ. ಹೋದ ಜೀವ ಶಿವನ ಪಾದ ಸೇರಿರುತ್ತದೆ. ಗಾದಿಗಾಗಿ ಅದು ಕಾಯುವುದಿಲ್ಲ. ನಿಮ್ಮ ಊರಿನ ಕೆರೆಗೆ ಗಂಟು ಬಿಡಬೇಡಿ, ಬಿಡುವವರಿಗೆ ತಿಳಿಸಿ ಹೇಳಿ. ಸತ್ತವರ ಹೆಸರಿನಲ್ಲಿ ಬದುಕಿರುವವರ ನೀರನ್ನು ಕಾಯಿರಿ.