ಕೆಂಚಪ್ಪನ ಗಾಲಿ ಮನೆ

ದುಡ್ಡು ಕೊಟ್ಟು ಬಯಲಿನಲ್ಲಿ ಮಲಗುವ ಜನ ಈ ಭೂಮಿಯ ಮೇಲೆ ಇದ್ದಾರೆಂದು ಗಾದೆಪ್ಪನಿಗೆ ಗೊತ್ತಾದದ್ದು ತನ್ನ ನಲವತ್ತೆಂಟನೆಯ ವಯಸ್ಸಿನಲ್ಲಿ, ಆಸ್ಟ್ರೇಲಿಯಾದ ಒಂದು ಸಣ್ಣ ಊರಿನ ತಂತಿ ಬೇಲಿಯೊಳಗೆ. ಕೂಡ್ಲಿಗಿ ಸೀಮೆಯ ಕುರಿಗಾರ ಅಷ್ಟು ದೂರ ಹೋದದ್ದು ಅವನ ಜಾಣತನದಿಂದೇನೂ ಅಲ್ಲ. ಅಲ್ಲಿಯವರು ಕುರಿ ಹೇಗೆ ಸಾಕುತ್ತಾರೆ, ಉಣ್ಣೆ ಹೇಗೆ ಕತ್ತರಿಸುತ್ತಾರೆ ಎಂದು ಒಬ್ಬ ನೋಡಿಕೊಂಡು ಬರಲಿ ಎಂದು ಕುರಿ ಸಾಕುವವರ ಸಂಘದವರು ಚೀಟಿ ಎತ್ತಿದರು, ಚೀಟಿ ಇವನ ಹೆಸರಿಗೆ ಬಂತು. ಮಾತಿಗೆ ಆಸರೆಯಾಗಲಿ ಎಂದು ಹರಪನಹಳ್ಳಿಯ ದನದ ಡಾಕ್ಟರು ಪ್ರವೀಣಕುಮಾರ್ ಜೊತೆಗೆ ಬಂದಿದ್ದರು. ಅದು ತೊಂಬತ್ತಾರನೆಯ ಇಸವಿ.

ಊರಿಂದ ಊರಿಗೆ ಹೋದಾಗಲೆಲ್ಲ ಅವರಿಬ್ಬರನ್ನು ಇಳಿಸುತ್ತಿದ್ದದ್ದು ಕ್ಯಾರವಾನ್ ಪಾರ್ಕ್ ಎನ್ನುವ ಜಾಗದಲ್ಲಿ. ಪಾರ್ಕ್ ಎಂದ ಕೂಡಲೇ ಗಾದೆಪ್ಪ ಹೂವಿನ ಗಿಡ, ಕಲ್ಲುಬೆಂಚು, ನೀರಿನ ಕಾರಂಜಿ ಎಂದೆಲ್ಲ ಎಣಿಸಿದ್ದ. ಕಂಡದ್ದು ಬೇರೆ. ಗೂಟ ಹೊಡೆದು ನಂಬರ್ ಬರೆದ ಖಾಲಿ ಜಾಗಗಳು, ಜಾಗಕ್ಕೊಂದು ಕರೆಂಟಿನ ಕಂಬ, ಆ ಕಂಬಗಳ ಪಕ್ಕದಲ್ಲಿ ಗಾಲಿ ಇರುವ ಬಿಳಿ ಮನೆಗಳು. ಸ್ನಾನಕ್ಕೆ ಎಲ್ಲರಿಗೂ ಸೇರಿ ಒಂದೇ ಕಟ್ಟಡ. ಮುದುಕರು, ಮುದುಕಿಯರು ಟವೆಲ್ ಹೆಗಲಿಗೆ ಹಾಕಿಕೊಂಡು ಅತ್ತ ಹೋಗುತ್ತಿದ್ದರು. ಸುತ್ತಮುತ್ತ ಅವನ ಪರಿಚಯದ್ದು ಎಂದರೆ ನೀಲಗಿರಿ ಮರಗಳು ಮಾತ್ರ, ಅವೂ ನಮ್ಮ ರಸ್ತೆ ಬದಿಯವಕ್ಕಿಂತ ಎರಡು ಪಟ್ಟು ಎತ್ತರ.

"ಡಾಕ್ಟ್ರೇ, ಇವ್ರಿಗೆ ಮನಿ ಇಲ್ಲೇನ್ರಿ?"

"ಅದಾವ ಗಾದೆಪ್ಪಣ್ಣ. ಕೀಲಿ ಹಾಕ್ಕೆಂಡು ತಿರುಗಾಡಾಕ ಬಂದಾರ."

"ಮತ್ತ ಬಾಗ್ಲಾಗ ಕುಂತ ಆ ಯಮ್ಮಗ ನೀವು ರೊಕ್ಕ ಕೊಟ್ರಿ, ಯಾಕ?"

"ಇಲ್ಲಿ ಇಳ್ಕಂಡಿದ್ದಕ್ಕ. ಜಾಗದ ಬಾಡಿಗಿ."

ಗಾದೆಪ್ಪ ಕಣ್ಣು ಕಣ್ಣು ಬಿಟ್ಟ. ಅವನ ಮುತ್ತಾತನ ಕಾಲದಿಂದಲೂ ಇಳಿದ ಜಾಗಕ್ಕೆ ಕುರಿಗಾರ ಬಿಡಿಗಾಸು ಕೊಟ್ಟವನಲ್ಲ. ಹೊಲದಲ್ಲಿ ಸುತ್ತ ಬಲೆ ಕಟ್ಟಿ ರಾತ್ರಿ ಕುರಿಗಳನ್ನು ಅದರೊಳಗೆ ತರುಬಿದರೆ ಬೆಳಗ್ಗೆ ಹೊಲದ ಯಜಮಾನನೇ ಜೋಳ ತಂದು ಸುರಿಯಬೇಕು, ಎಲೆ ಅಡಿಕೆ ಕೊಟ್ಟು ಇನ್ನೊಂದು ರಾತ್ರಿ ಇರಿ ಎನ್ನಬೇಕು. ಚಿಗಟೇರಿಯಲ್ಲಂತೂ ಗಾದೆಪ್ಪನ ಕುರಿ ಮೊದಲು ನಮ್ಮ ಹೊಲಕ್ಕೆ, ನಮ್ಮ ಹೊಲಕ್ಕೆ ಎಂದು ಜನ ಜಗಳಕ್ಕೆ ನಿಲ್ಲುತ್ತಿದ್ದರು.

"ಇದ್ಯಾವ ನ್ಯಾಯರೀ! ನಮ್ಮ ಕಡಿ ಇಳ್ಕಂಡವ್ರಿಗೇ ಕೊಡ್ತಾರ."

"ನಿಮ್ಮ ಕುರಿ ಗೊಬ್ರ ಹಾಕ್ತಾವ. ನಾನು, ನೀನು ಏನು ಹಾಕ್ತೀವಿ ಗಾದೆಪ್ಪಣ್ಣ?" ಎಂದು ಡಾಕ್ಟರು ನಕ್ಕರು. ಗಾದೆಪ್ಪ ನಗಲಿಲ್ಲ. ಕುರಿಯಿಲ್ಲದವನು ಇಳಿಯುವುದಕ್ಕೂ ಬಾಡಿಗೆ ಕೊಡಬೇಕು ಎನ್ನುವ ಮಾತು ಅವನಿಗೆ ಚುಚ್ಚಿತು, ಯಾಕೆಂದರೆ ಇನ್ನು ಸ್ವಲ್ಪ ದಿನಕ್ಕೆ ಅವನೂ ಕುರಿಯಿಲ್ಲದವನಾಗುವ ಹಾಗಿತ್ತು.

ಊರಿಂದ ಹೊರಡುವ ಮುಂಚೆಯೇ ಆ ಮಾತಾಗಿತ್ತು. ಹೆಂಡತಿ ಪಾಲಮ್ಮನ ಮೊಣಕಾಲು ಊದಿಕೊಳ್ಳುತ್ತಿತ್ತು. ವರ್ಷದಲ್ಲಿ ಒಂಬತ್ತು ತಿಂಗಳು ಕುರಿಯ ಹಿಂದೆ ನಡೆಯುವ ಬಾಳು ಅವಳಿಗೆ ಸಾಕಾಗಿದೆ, ಬಾಯಿಬಿಟ್ಟು ಹೇಳುತ್ತಿಲ್ಲ ಅಷ್ಟೇ ಎಂದು ಗಾದೆಪ್ಪ ತಾನೇ ತೀರ್ಮಾನಿಸಿದ್ದ. ಕೊಟ್ಟೂರಿನ ವ್ಯಾಪಾರಿ ಗಂಗಾಧರಪ್ಪ ಹಿಂಡಿಗೆ ಹಿಂಡೇ ಕೊಳ್ಳಲು ಮುಂದೆ ಬಂದ. ಶಿವರಾತ್ರಿ ಅಮಾವಾಸ್ಯೆಗೆ ಮುಂಚೆ ಆಗೋದು ಹೋಗೋದು ತಿಳಿಸಬೇಕು, ಲಾರಿ ಗೊತ್ತು ಮಾಡಬೇಕು ಎಂದ. ಗಾದೆಪ್ಪನ ಬಾಯಿಂದ ಹೂಂ ಬರಲಿಲ್ಲ, ಊಹೂಂ ಕೂಡ ಬರಲಿಲ್ಲ. "ಅಲ್ಲಿಂದ ಫೋನ್ ಮಾಡಿ ಹೇಳ್ತೀನಿ" ಎಂದು ಗಂಡಸಿನ ಠೀವಿಯಲ್ಲಿ ಹೇಳಿ ವಿಮಾನ ಹತ್ತಿದ್ದ. ಚಿಗಟೇರಿಯ ಹೊಲದಲ್ಲಿ ಕುರಿ ತರುಬಿಕೊಂಡು ಪಾಲಮ್ಮ ಆ ಫೋನಿಗೆ ಕಾಯುತ್ತಿದ್ದಳು.

ಅವರು ಕೊನೆಗೆ ಹೆಚ್ಚು ದಿನ ಇಳಿದುಕೊಂಡ ಊರಿನ ಪಾರ್ಕಿನ ತುದಿಯಲ್ಲಿ ಒಂದು ಹಳೆಯ ಗಾಲಿ ಮನೆ ಇತ್ತು. ಟೈರಿನ ಗಾಳಿ ಹೋಗಿ, ಗಾಲಿಯ ಸುತ್ತ ಹುಲ್ಲು ಬೆಳೆದು, ಅದು ವರ್ಷಗಟ್ಟಲೆ ಅಲುಗಿಲ್ಲ ಎಂದು ಕುರುಡನಿಗೂ ತಿಳಿಯುವಂತಿತ್ತು. ಅದರೊಳಗಿದ್ದವನು ಕೆನ್ ಎಂಬ ಎಪ್ಪತ್ತರ ಮುದುಕ. ಮುಖ ಕೆಂಪಗೆ ಸುಟ್ಟಿದ್ದರಿಂದ ಗಾದೆಪ್ಪ ಅವನನ್ನು ಕೆಂಚಪ್ಪ ಎಂದ, ಮುದುಕ ಆ ಹೆಸರಿಗೆ ಓಗೊಟ್ಟ. ಬೆಳಕು ಹರಿಯುತ್ತಿದ್ದಂತೆ ಎದ್ದು ಟೋಪಿ ಇಟ್ಟುಕೊಂಡು ಬೇಲಿಯ ಹತ್ತಿರ ಹೋಗುತ್ತಿದ್ದ. ಆಚೆಯ ಖಾಲಿ ಬಯಲಿಗೆ ಎರಡು ಸಲ ಸಿಳ್ಳೆ ಹಾಕುತ್ತಿದ್ದ. ಸ್ವಲ್ಪ ಹೊತ್ತು ನಿಂತು, ಬಂದು ಚಹಾಕ್ಕೆ ನೀರಿಡುತ್ತಿದ್ದ. ಅದೇ ಹೊತ್ತಿಗೆ ಏಳುವ ರೂಢಿ ಗಾದೆಪ್ಪನಿಗೂ ಇತ್ತಲ್ಲ, ಎರಡು ದಿನ ದೂರದಿಂದ ನೋಡಿ ನಕ್ಕ. ಮುದುಕನಿಗೆ ತಲೆ ಕೆಟ್ಟಿದೆ ಎಂದುಕೊಂಡ.

ಮೂರನೆಯ ದಿನ ಕೆಂಚಪ್ಪ ಇವನ ಹೆಗಲ ಕಂಬಳಿಯ ಅಂಚು ಹಿಡಿದು ಬೆರಳಲ್ಲಿ ತಿಕ್ಕಿ ನೋಡಿದ, ಮೂಗಿಗೆ ಹಿಡಿದ. ಕುರಿಗಾರನಲ್ಲದವನು ಕಂಬಳಿಯನ್ನು ಹಾಗೆ ಮೂಸುವುದಿಲ್ಲ. ಗಾದೆಪ್ಪನಿಗೆ ನೆಂಟ ಸಿಕ್ಕಷ್ಟು ಖುಷಿಯಾಗಿ, ಮಲಗಿದ್ದ ಡಾಕ್ಟರನ್ನು ಎಬ್ಬಿಸಿಕೊಂಡು ಬಂದ. ಮೂವರೂ ಮಡಚುವ ಕುರ್ಚಿಗಳಲ್ಲಿ ಚಹಾ ಹಿಡಿದು ಕೂತರು.

"ಕುರಿ ಎಷ್ಟಿದ್ವಂತ, ಕೇಳ್ರಿ."

ಎರಡು ಸಾವಿರ ಎಂದು ಉತ್ತರ ಬಂತು. ಗಾದೆಪ್ಪ ಬಾಯಿಯ ಮೇಲೆ ಕೈ ಇಟ್ಟುಕೊಂಡ. "ಈಗ ಎಲ್ಲದಾವಂತ?"

ಕೆಂಚಪ್ಪ ಬೆರಳು ತೋರಿಸಿದ್ದು ಬಯಲಿನ ಕಡೆಗಲ್ಲ, ನೆಲದ ಕಡೆಗೆ. ಆಮೇಲೆ ನಿಧಾನವಾಗಿ ಏನೇನೋ ಹೇಳಿದ. ಡಾಕ್ಟರು ಕೇಳುತ್ತ ಕೇಳುತ್ತ ಚಹಾದ ಲೋಟ ಕೆಳಗಿಟ್ಟರು.

"ಬ್ಯಾಡ ಬಿಡು ಗಾದೆಪ್ಪಣ್ಣ."

"ಹೇಳ್ರಿ."

"ಗುಂಡು ಹೊಡದು ಹೂಳಿದ್ರಂತ. ಇವ್ರೇ, ತಮ್ಮ ಕೈಯಾರೆ. ಆರು ವರ್ಷಾತಂತ."

"ಯಾವ ರೋಗ ಬಂದಿತ್ತು?"

"ರೋಗ ಇರಲಿಲ್ಲ. ಉಣ್ಣೆ ಕೇಳಾರು ಇರಲಿಲ್ಲಂತ, ಕುರಿನೂ ಕೇಳಾರು ಇರಲಿಲ್ಲಂತ. ಮೇವು ಹಾಕಿ ಸಾಕಾದ್ಕಿಂತ ಕೊಂದು ಹಾಕಾದೇ ಸಲೀಸು ಅಂತ ಆತಂತ. ಇವ್ರೊಬ್ರೇ ಅಲ್ಲ, ಈ ಸೀಮಿಯಾಗ ಎಲ್ರೂ ಹಂಗೇ ಮಾಡಿದ್ರಂತ."

ಗಾದೆಪ್ಪ ರೋಗಕ್ಕೆ ಹೋದ ಕುರಿ ಕಂಡಿದ್ದ, ತೋಳ ಹಿಡಿದ ಕುರಿ ಕಂಡಿದ್ದ, ಹಬ್ಬಕ್ಕೆ ಕಡಿದ ಕುರಿಯೂ ಗೊತ್ತು. ಮೇಯುತ್ತ ನಿಂತ ಎರಡು ಸಾವಿರ ಗಟ್ಟಿ ಕುರಿಗಳನ್ನು ಯಾರ ಹೊಟ್ಟೆಗೂ ಇಲ್ಲದೆ ಗುಂಡಿಗೆ ಹಾಕುವುದೇ? ಇಂಥ ಪಾಪಿಯ ಕೈಯ ಚಹಾ ಕುಡಿದೆನಲ್ಲ ಎಂದು ಉಳಿದದ್ದನ್ನು ನೆಲಕ್ಕೆ ಸುರಿದು ಎದ್ದು ನಿಂತ.

ಕೆಂಚಪ್ಪ ಇನ್ನೂ ಒಂದು ಮಾತು ಹೇಳಿದ. ಡಾಕ್ಟರು ಅದನ್ನೂ ಕನ್ನಡಕ್ಕೆ ತಂದರು.

"ಅಟ್ಟೊಂದು ಕುರಿ ಗುಂಡಿ ತನಕ ಹೆಂಗ ಹೊಡ್ಕಂಡು ಬಂದ್ರಿ ಅಂತ ಯಾರೂ ಕೇಳಲಿಲ್ಲಂತ. ಹೊಡ್ಕಂಡು ಬರಲಿಲ್ಲಂತ. ಮೇವು ಹಾಕಾಕ ಕರಿಯೋ ಸಿಳ್ಳಿ ಹಾಕಿದ್ರಂತ. ಬಂದ್ವಂತ."

ಗಾದೆಪ್ಪ ಮತ್ತೆ ಕುರ್ಚಿಯಲ್ಲಿ ಕೂತ. ಗಂಗಾಧರಪ್ಪನ ಲಾರಿ ಅವನ ಕಣ್ಣ ಮುಂದೆ ಬಂತು. ವರ್ಷಕ್ಕೆ ನಾಲ್ಕು ಟಗರು ಮಾರುವುದು ಬೇರೆ, ಹಿಂಡಿಗೆ ಹಿಂಡನ್ನೇ ತುಂಬಿ ಕಳಿಸುವುದು ಬೇರೆ. ಆ ಲಾರಿ ಎಲ್ಲಿಗೆ ಹೋಗುತ್ತದೆಂದು ಅವನಿಗೆ ಮೊದಲಿಂದಲೂ ಗೊತ್ತಿತ್ತು. ಗೊತ್ತಿದ್ದೂ ನೆನೆಯದೆ ಇದ್ದ. ತನಗೇ ನಾಚಿಕೆಯಾಯಿತು.

"ಡಾಕ್ಟ್ರೇ, ಈಗಿಂದೀಗ ಫೋನ್ ಹಚ್ಚಿಕೊಡ್ರಿ."

ಪಾರ್ಕಿನ ಬಾಗಿಲಲ್ಲೇ ಫೋನಿನ ಪೆಟ್ಟಿಗೆ ಇತ್ತು. ಆಗಿನ್ನೂ ನಮ್ಮ ಕಡೆ ಕೋಳಿ ಕೂಗುವ ಹೊತ್ತು. ಚಿಗಟೇರಿಯಲ್ಲಿ ಎಸ್‌ಟಿಡಿ ಬೂತ್ ಇಟ್ಟಿದ್ದ ಶಿವಯೋಗಪ್ಪ ಅಂಗಡಿಯಲ್ಲೇ ಮಲಗುತ್ತಿದ್ದವನು, ಫೋನ್ ಎತ್ತಿದ. ಲೈನಿನಲ್ಲಿ ಗಾಳಿ ಬೀಸಿದ ಸದ್ದು. ಗಾದೆಪ್ಪ ಆಡಿದ್ದು ಅವನ ಕಿವಿಗೇ ವಾಪಸು ಬಡಿಯುತ್ತಿತ್ತು.

"ನಾನಪಾ, ಗಾದೆಪ್ಪ! ಪಾಲಮ್ಮಗ ಹೇಳು! ಕುರಿ ಮಾರಬ್ಯಾಡಂತ! ಮಾರಬ್ಯಾಡಂತ!"

"ಆತಪಾ, ಆತು! ಚೀಟಿ ಬರದು ಈಗಲೇ ಹೋಗ್ತೀನಿ!" ಎಂದಿತು ದೂರದ ದನಿ.

ಗಾದೆಪ್ಪನ ಎದೆಯ ಮೇಲಿನ ಕಲ್ಲು ಇಳಿಯಿತು. ಉಳಿದ ಒಂಬತ್ತು ದಿನ ಅವನು ಕೆಂಚಪ್ಪನನ್ನು ಬಯ್ಯಲೂ ಇಲ್ಲ, ನೋಡಿ ನಗಲೂ ಇಲ್ಲ. ಬೆಳಗ್ಗೆ ಅವನು ಬೇಲಿಗೆ ಹೋದಾಗ ತಾನೂ ಪಕ್ಕದಲ್ಲಿ ಹೋಗಿ ನಿಲ್ಲುತ್ತಿದ್ದ.

ಚಿಗಟೇರಿಯಲ್ಲಿ ಬಸ್ಸಿಳಿದಾಗ ಹೊತ್ತು ನೆತ್ತಿಯ ಮೇಲಿತ್ತು. ಹೊಲದ ದಾರಿಗೆ ಬಿದ್ದವನೇ ಗಾದೆಪ್ಪ ನಾಲಿಗೆ ಹೊರಳಿಸಿ ತನ್ನ ಕೂಗು ಹಾಕಿದ. ಎಲ್ಲಿಗೆ ಹೋಗಿ ಬಂದರೂ ಅವನು ಹಾಗೆ ಕೂಗುತ್ತಿದ್ದ, ಗಂಟೆ ಕಟ್ಟಿದ ಹಿರಿಯ ಕುರಿ ಮೊದಲು ಅರಚುತ್ತಿತ್ತು. ಇವತ್ತು ಗಂಟೆ ಕೇಳಿಸಲಿಲ್ಲ. ಗಾಳಿ ಆ ಕಡೆಗೆ ಬೀಸುತ್ತಿದೆ ಎಂದುಕೊಂಡು ಬಿರಬಿರನೆ ನಡೆದ.

ಹೊಲದಲ್ಲಿ ಪಾಲಮ್ಮ ಒಬ್ಬಳೇ ಕೂತಿದ್ದಳು. ಪಕ್ಕದಲ್ಲಿ ಬಲೆ ಮಡಚಿ ಇಟ್ಟಿತ್ತು. ನೆಲದ ಮೇಲೆ ಹಿಕ್ಕೆ ಒಣಗಿ ಬಿಳಿಚಿಕೊಂಡಿತ್ತು.

"ಎಲ್ಲದಾವಲೇ?"

"ನೀ ಹೇಳಿದಂಗ ಕೊಟ್ಟೆ. ಒಂಬತ್ತು ದಿನಾತು."

"ನಾ ಏನ್ ಹೇಳಿದ್ನಿ?"

ಅವಳು ಸೆರಗಿನ ಗಂಟು ಬಿಚ್ಚಿ ಚೀಟಿ ಕೊಟ್ಟಳು. ಗಾದೆಪ್ಪ ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದ. ಕುರಿ ಮಾರಿಬಿಡಂತ.

"ಅಯ್ಯೋ, ಮಾರಬ್ಯಾಡಂತ ಅಂದಿದ್ನೆಲ್ಲೇ!"

ಪಾಲಮ್ಮ ಚೀಟಿ ಕಸಿದುಕೊಂಡಳು. "ಬ್ಯಾಡ ಅಂದಿದ್ಯಾ? ಶಿವಯೋಗಪ್ಪನ ಕೈಯಾಗ ಮೂರು ಸಲ ಓದಿಸಿದ್ನಪಾ. ಆ ದೇಶ ನೋಡಿ ನಿನಗ ಈ ಬಾಳೇವು ಸಾಕಾತು ಅನ್ಕಂಡೆ."

"ಸಾಕಾಗಿದ್ದು ನಿನಗ ಅನ್ಕಂಡಿದ್ದೆ ನಾನು. ನಿನ್ನ ಮಣಕಾಲು ನೋಡಿ."

"ಮಣಕಾಲು ನೋಯ್ತೈತಿ ಅಂದಿದ್ದೆ. ಕುರಿ ಬ್ಯಾಡ ಅಂತ ಯಾವತ್ತರ ಅಂದಿದ್ನೇನು?"

ಇಬ್ಬರಿಗೂ ಬೇಡವಾಗಿದ್ದ ಕೆಲಸವನ್ನು ಇಬ್ಬರೂ ಕೂಡಿ ಮಾಡಿ ಮುಗಿಸಿದ್ದರು. ಗಾದೆಪ್ಪ ಕೊಟ್ಟೂರಿಗೆ ಹೋಗುತ್ತೇನೆ, ಗಂಗಾಧರಪ್ಪನ ಕಾಲು ಹಿಡಿಯುತ್ತೇನೆ ಎಂದು ಮೇಲೆದ್ದ. ಪಾಲಮ್ಮ ಕಂಬಳಿ ಹಿಡಿದು ಕೂರಿಸಿದಳು. ಲಾರಿ ಅವತ್ತೇ ಬೊಂಬಾಯಿ ಕಸಾಯಿಖಾನೆಯ ದಾರಿ ಹಿಡಿದಿತ್ತು.

"ಅವು ಹತ್ತಲಿಲ್ಲ" ಎಂದಳು. "ಅವನ ಆಳುಗಳು ಹೊಡದ್ರು, ಕಾಲು ಹಿಡಿದು ಎಳದ್ರು, ಒಂದೂ ಲಾರಿ ಹತ್ತವಲ್ವು. ಹೊಡ್ತ ನೋಡಾಕ ಆಗಲಿಲ್ಲ ನನಗ."

ಗಾದೆಪ್ಪ ಕೇಳಬಾರದೆಂದು ಅನ್ನಿಸಿದರೂ ಕೇಳಿದ. "ಆಮ್ಯಾಲೆ?"

"ನಾನೇ ಲಾರಿ ಹತ್ತಿ ನಿಂತು ಕರದೆ. ಬಂದ್ವು."

ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಗಾದೆಪ್ಪ ಅವಳ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತ. ಕೆಂಚಪ್ಪನ ಕಥೆಯನ್ನು ಹೆಂಡತಿಗೆ ಹೇಳಬೇಕೆಂದು ವಿಮಾನದಲ್ಲಿ ಉದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ.

ಸಂಜೆ ರೊಟ್ಟಿ ಕೊಡುತ್ತ ಪಾಲಮ್ಮ ಕೇಳಿದಳು. "ಅಷ್ಟು ದೂರ ಹೋಗಿದ್ದೆಲ್ಲ, ಏನ್ ನೋಡಿದಿ, ಹೇಳು."

"ಗಾಲಿ ಇರೋ ಮನಿ ನೋಡಿದೆ" ಎಂದ ಗಾದೆಪ್ಪ. "ಅಲ್ಲಿ ಬಯಲಾಗ ಮಲಗಾಕ ರೊಕ್ಕ ಕೊಡ್ತಾರ."

"ಮತ್ತೇನು?"

"ಅಷ್ಟೇ" ಎಂದು ರೊಟ್ಟಿ ಮುರಿದ.