ಎಕ್ಸ್‌ರೇಗೆ ಸಿಗದ ಕಾಲುನೋವು

ಹುಡುಗಿಯ ಕಾಲುನೋವಿಗೆ ಒಂದು ಸಾಕ್ಷಿಯೂ ಇರಲಿಲ್ಲ. ಮೆಟ್ಟಿಲಲ್ಲಿ ಕಾಲು ಉಳುಕಿದ್ದು ನಿಜ, ಎರಡು ವಾರದಲ್ಲಿ ಊತ ಇಳಿದದ್ದೂ ನಿಜ. ಆದರೆ ತಿಂಗಳುಗಟ್ಟಲೆ ನೋವು ಹೋಗಲಿಲ್ಲ. ಹೊದಿಕೆ ತಾಗಿದರೂ ಚೀರುತ್ತಿದ್ದಳು. ಎಕ್ಸ್‌ರೇ, ಸ್ಕ್ಯಾನ್, ರಕ್ತಪರೀಕ್ಷೆ ಎಲ್ಲದರಲ್ಲೂ ಒಂದೇ ಉತ್ತರ: ಏನೂ ಇಲ್ಲ.

ಅಪ್ಪನ ಕಸುಬು ತಕ್ಕಡಿ ರಿಪೇರಿ. ಮೋಸದ ತಕ್ಕಡಿ ಹಿಡಿದು ಹಿಡಿದು ಅವನಿಗೆ ಎಲ್ಲದರ ಮೇಲೂ ಅನುಮಾನ. ಒಂದು ದಿನ ಮಗಳನ್ನೂ ಪರೀಕ್ಷೆ ಮಾಡಿದ. ಹಿತ್ತಲಿನಿಂದ, "ಅಯ್ಯೋ, ಅಜ್ಜಿ ಬಿದ್ಲು!" ಎಂದು ಕೂಗಿದ. ಹುಡುಗಿ ಓಡಿ ಬಂದಳು. ಅಜ್ಜಿ ಬಟ್ಟೆ ಒಣಹಾಕುತ್ತ ನಿಂತಿದ್ದಳು.

"ಸಿಕ್ಕಿಬಿದ್ಲು ಕಳ್ಳಿ! ಸ್ಕೂಲು ತಪ್ಪಿಸೋಕೆ ನಾಟಕ!"

ಹುಡುಗಿ ಕಾಲು ಹಿಡಿದುಕೊಂಡು ಅಲ್ಲೇ ಕೂತಳು. ಅಂದಿನಿಂದ ಅಪ್ಪನೊಡನೆ ಮಾತು ಬಿಟ್ಟಳು.

ಅಮ್ಮ ಹಟ ಹಿಡಿದು ಅಪ್ಪ-ಮಗಳಿಬ್ಬರನ್ನೂ ಮಕ್ಕಳ ಆಸ್ಪತ್ರೆಯ ಫಿಸಿಯೋಥೆರಪಿ ಮೇಡಂ ಹತ್ತಿರ ಕರೆದುಕೊಂಡು ಹೋದಳು. ಅಪ್ಪ ಕೂರುವ ಮೊದಲೇ ದೂರು ಒಪ್ಪಿಸಿದ. "ಇವಳು ಓಡಿದ್ದನ್ನ ಕಣ್ಣಾರೆ ನೋಡಿದೀನಿ ಮೇಡಂ."

"ಕೆಲಸದ ಭರದಲ್ಲಿ ಕೈ ಕುಯ್ದುಕೊಂಡು, ಆಮೇಲೆ ರಕ್ತ ನೋಡಿ ಗೊತ್ತಾಗಿದ್ದು ಇಲ್ವಾ?" ಎಂದು ಕೇಳಿದರು ಮೇಡಂ.

"ಬೇಕಾದಷ್ಟು ಸಲ."

"ಗಾಯ ಸುಳ್ಳಾಗಿತ್ತಾ? ಗಾಬರಿಯಾದಾಗ ಮಿದುಳು ನೋವನ್ನ ಒಂದು ಗಳಿಗೆ ಪಕ್ಕಕ್ಕೆ ಇಡಬಹುದು. ಅಜ್ಜಿಗೆ ಏನಾಯ್ತೋ ಅಂತ ಓಡಿದಾಳೆ ಅಷ್ಟೆ. ಸರಿ, ನೀವು ತಕ್ಕಡಿ ರಿಪೇರಿ ಮಾಡೋರಂತೆ. ತಟ್ಟೆ ಖಾಲಿ ಇದ್ರೂ ತೂಕ ತೋರಿಸೋ ತಕ್ಕಡಿ ನಿಮ್ಮ ಹತ್ರ ಬರಲ್ವಾ?"

"ದಿನಾ ಬರುತ್ತೆ. ಉಸಿರು ತಾಗಿದ್ರೂ ಮುಳ್ಳು ಕುಣಿಯುತ್ತೆ."

"ನಾಲ್ಕು ಬಾರಿಸಿದ್ರೆ ಸರಿಹೋಗುತ್ತಾ? ಮೂಲೇಲಿ ಇಟ್ರೆ?"

"ಛೆ! ಸಣ್ಣ ತೂಕ ಇಟ್ಟು, ಆಮೇಲೆ ಸ್ವಲ್ಪ ಹೆಚ್ಚಿಸಿ..." ಅಪ್ಪ ಕುರ್ಚಿಯಿಂದ ಎದ್ದೇಬಿಟ್ಟ. "ಇವಳ ನರಗಳೂ ಹಂಗೇ ಆಗಿದಾವಾ?"

"ಹೆಚ್ಚುಕಡಿಮೆ ಹಂಗೇ. ಕಾಲು ವಾಸಿಯಾಗಿದೆ, ನರಗಳಿಗೆ ಇನ್ನೂ ಗಾಬರಿ. ನೋವು ಮಾತ್ರ ನೂರಕ್ಕೆ ನೂರು ನಿಜ."

ಹುಡುಗಿ ತಲೆಯೆತ್ತಿದಳು. "ಹಾಗಾದ್ರೆ ನಾನು ಸುಳ್ಳುಗಾತಿ ಅಲ್ಲ ಅಲ್ವಾ?"

"ಅಲ್ಲ ಪುಟ್ಟಿ. ನಾನೇ ದಡ್ಡ," ಎಂದ ಅಪ್ಪ.

"ಅದು ನಮಗೆ ಮೊದ್ಲೇ ಗೊತ್ತಿತ್ತು," ಎಂದಳು ಅಮ್ಮ.

ಅಂದೇ ಚಿಕಿತ್ಸೆ ಶುರುವಾಯಿತು. ಮೊದಲು ದಿನಕ್ಕೆ ಹತ್ತು ಹೆಜ್ಜೆ, ವಾರ ವಾರ ಸ್ವಲ್ಪ ಹೆಚ್ಚು. ಹಗುರೆನಿಸಿದ ದಿನ ಇಪ್ಪತ್ತು ಬೇಡ, ನೋವಿದ್ದ ದಿನ ಬಿಡುವುದೂ ಬೇಡ. ಕಾಲಿಗೆ ಮೊದಲು ಹತ್ತಿ ಸವರುವುದು, ಅದು ಅಭ್ಯಾಸವಾದ ಮೇಲೆ ಬಟ್ಟೆ. ಹೊತ್ತಿಗೆ ಸರಿಯಾಗಿ ನಿದ್ದೆ, ಅರ್ಧ ದಿನ ಶಾಲೆ, ಭಯ ಹೇಳಿಕೊಳ್ಳಲು ಒಬ್ಬ ಆಪ್ತಸಮಾಲೋಚಕಿ. "ಈಗ ಎಷ್ಟು ನೋವಿದೆ?" ಎಂದು ಗಳಿಗೆಗೊಮ್ಮೆ ಕೇಳುವುದು ಬಂದ್.

ಮೂರನೇ ತಿಂಗಳು ಅವಳು ಒಬ್ಬಳೇ ನಡೆದು ಅಪ್ಪನ ಅಂಗಡಿಗೆ ಬಂದಳು. ಅಪ್ಪ ಗಿರಾಕಿಯ ತಕ್ಕಡಿ ಕೈಲಿ ಹಿಡಿದೇ ಬೀದಿಗೆ ಓಡಿದ. "ಬಂದ್ಲು! ನೋಡ್ರೋ, ನಡ್ಕೊಂಡೇ ಬಂದ್ಲು!"

"ಕೂಗ್ಬೇಡಪ್ಪ, ಮಾನ ಹೋಗುತ್ತೆ. ನೋವು ಇನ್ನೂ ಸ್ವಲ್ಪ ಇದೆ," ಎಂದಳು. ನಗುತ್ತಲೇ ಅಂದಳು.

ನಿಮ್ಮ ಮಗು ನೋವೆಂದರೆ ನಂಬಿ, ವೈದ್ಯರಿಗೆ ತೋರಿಸಿ. ವರದಿಯಲ್ಲಿ ಏನೂ ಸಿಗದಿದ್ದ ಮಾತ್ರಕ್ಕೆ ನೋವು ಸುಳ್ಳೆಂದಲ್ಲ. "ಇದಕ್ಕೂ ಚಿಕಿತ್ಸೆ ಇದೆಯಲ್ಲವೇ?" ಎಂದು ಕೇಳಿ. ಇಂದೇ ಕೇಳಿ. ಈ ಮನೆಯವರು ತಡವಾಗಿ ಕೇಳಿದರು. ಅಷ್ಟರಲ್ಲಿ ಹುಡುಗಿ ಕಳೆದುಕೊಂಡದ್ದು ಹನ್ನೊಂದು ತಿಂಗಳು, ಒಂದು ತರಗತಿ, ಇಬ್ಬರು ಗೆಳತಿಯರು.