ಅಕ್ಕನಿಗೆ ಹೇಳಿ ಬಂದಿಲ್ಲ

ಕಾಪುವಿನ ಬಾಡಿಗೆ ಮನೆಯ ಕಡಿದಾದ ಮೆಟ್ಟಿಲುಗಳು ವೇದಾವತಿಯಮ್ಮನ ಮೊಣಕಾಲಿಗೆ ಆಗದೆ ಬಹಳ ಕಾಲವಾಗಿತ್ತು. ಸಾವಿರದ ಒಂಬೈನೂರ ಎಪ್ಪತ್ತೆಂಟರ ಬೇಸಗೆಯಲ್ಲಿ ಬಾವಿಕಟ್ಟೆಯ ಬಳಿ ಜಾರಿಬಿದ್ದು ಸೊಂಟಕ್ಕೂ ಭುಜಕ್ಕೂ ಪೆಟ್ಟಾದ ಮೇಲೆ ಮಗಳು ವಸಂತಿ ಹಟ ಹಿಡಿದಳು. ಅವಳು ಉಡುಪಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಗಂಡ ದಾಮೋದರನಿಗೆ ಮಣಿಪಾಲದ ಒಂದು ಪ್ರೆಸ್ಸಿನಲ್ಲಿ ಕೆಲಸ. ಮಕ್ಕಳಿರಲಿಲ್ಲ. ಅಮ್ಮನಿಗಾಗಿಯೇ ಇಬ್ಬರೂ ಹುಡುಕಿ ಮಣಿಪಾಲದಲ್ಲಿ ಬೇರೆ ಮನೆ ಹಿಡಿದರು. ನೆಲಮಟ್ಟದ ಮನೆ, ಬಚ್ಚಲು ಒಳಗೇ ಉಂಟು, ನಲ್ಲಿ ತಿರುಗಿಸಿದರೆ ನೀರು.

ಹೊರಡುವ ದಿನ ಸಾಮಾನಿನ ಟೆಂಪೊ ಮುಂದೆ ಹೋಯಿತು. ಅಮ್ಮನನ್ನು ಎತ್ತಿ ಬಾಡಿಗೆ ಕಾರಿನಲ್ಲಿ ಕೂರಿಸಿದರು. ಕಾರು ಹೊರಡಬೇಕು ಎನ್ನುವಾಗ ಅವಳು ಕೇಳಿದಳು:

"ವಸಂತಿ, ಅಕ್ಕನಿಗೆ ಹೇಳಿದೆಯಾ?"

"ಯಾವ ಅಕ್ಕನಿಗೆ?"

"ಸುಭಾಷಿಣಿಗೆ ಮಾರಾಯ್ತಿ. ಇನ್ಯಾರಿಗೆ?"

ವಸಂತಿ ಗಂಡನ ಮುಖ ನೋಡಿದಳು. ಸುಭಾಷಿಣಿ ಅಮ್ಮನ ಮೊದಲ ಮಗಳು. ವಸಂತಿ ಹುಟ್ಟುವ ಮೊದಲೇ, ಇನ್ನೂ ತೊದಲು ಮಾತಿನಲ್ಲಿರುವಾಗಲೇ, ಜ್ವರ ಬಂದು ತೀರಿಹೋದವಳು. ಅವಳದ್ದೊಂದು ಫೋಟೊ ಕೂಡ ಮನೆಯಲ್ಲಿರಲಿಲ್ಲ.

"ಅವಳು ಸತ್ತು ಎಷ್ಟು ವರ್ಷವಾಯಿತು ಅಮ್ಮ!"

"ಹೋದವರಿಗೆ ಹೇಳಬಾರದು ಅಂತ ಉಂಟಾ? ಮನೆ ಬಿಡುವಾಗ ಹೆಸರು ಹಿಡಿದು ಕರೆಯಬೇಕು."

ಡ್ರೈವರ್ ಹಾರ್ನ್ ಹಾಕಿದ. ಆಮೇಲೆ ಹೇಳಿದರಾಯಿತು ಎಂದು ವಸಂತಿ ಬಾಗಿಲು ಎಳೆದುಕೊಂಡಳು. ಉದ್ಯಾವರ ದಾಟುವವರೆಗೂ ಅಮ್ಮ ಹಿಂದಿನ ಗಾಜಿನಲ್ಲೇ ನೋಡುತ್ತಿದ್ದಳು.

ಹೊಸ ಮನೆ ಅಮ್ಮನಿಗೆ ಹಿಡಿಸಲಿಲ್ಲ. ಮಧ್ಯಾಹ್ನ ಊಟಕ್ಕೆ ಮೊದಲು ಒಂದು ಹಿಡಿ ಅನ್ನ ತೆಗೆದು ಹಿತ್ತಲ ಜಗಲಿಯಲ್ಲಿ ಇಡುತ್ತಿದ್ದಳು. ಕಾಪುವಿನಲ್ಲೂ ಹಾಗೆಯೇ ಮಾಡುತ್ತಿದ್ದಳು. ಅದು ಕಾಗೆಗೆ ಎಂದೇ ವಸಂತಿ ತಿಳಿದಿದ್ದಳು. ಈಗ ಕಾಗೆ ಬಂದು ಅನ್ನ ಎತ್ತಿಕೊಂಡು ಹೋದರೆ ಅಮ್ಮ ತಲೆ ಅಲ್ಲಾಡಿಸಿ, "ಅವಳು ಬಂದಿಲ್ಲ" ಎಂದು ಹೇಳಿ ತಾನೂ ಅರ್ಧಕ್ಕೇ ಏಳುತ್ತಿದ್ದಳು. ಮೈ ಇಳಿಯುತ್ತಾ ಬಂತು. ಡಾಕ್ಟರು ನೋಡಿ, ರೋಗ ಎಂತದೂ ಇಲ್ಲ, ಜಾಗ ಬದಲಾದದ್ದಕ್ಕೆ ಎಂದರು.

ಹಳೆ ಮನೆಯ ಅಟ್ಟದಲ್ಲಿ ಉಪ್ಪಿನಕಾಯಿಯ ಭರಣಿ ಬಾಕಿಯಾಗಿತ್ತು. ರಜೆಯ ದಿನ ವಸಂತಿ ಅದನ್ನು ತರಲು ಕಾಪುವಿಗೆ ಹೋದಳು. ಆ ಮನೆಗೆ ಡುಲ್ಸಿನ್ ಎಂಬ ಹೆಂಗಸು ಬಾಡಿಗೆಗೆ ಬಂದಿದ್ದಳು. ಬೇರೆ ಊರಿನವಳು, ಗಂಡ ಗಲ್ಫಿನಲ್ಲಿ. ವಸಂತಿಯನ್ನು ಕಂಡದ್ದೇ ನಕ್ಕಳು.

"ಓ, ನೀವು ತಂಗಿ ಅಲ್ವಾ? ಅಕ್ಕನ ಹಾಗೆಯೇ ಇದ್ದೀರಿ."

ವಸಂತಿ ಅಂಗಳದಲ್ಲೇ ನಿಂತಳು. "ಯಾವ ಅಕ್ಕ?"

"ದಿನಾ ಮಧ್ಯಾಹ್ನ ಬರುತ್ತಾರಲ್ಲ. ಬೈತಲೆಯ ಹತ್ತಿರ ಸ್ವಲ್ಪ ನರೆ ಉಂಟು. ಹಿಂದಿನ ಮೆಟ್ಟಿಲಲ್ಲಿ ಕೂತುಕೊಳ್ಳುತ್ತಾರೆ. ಒಳಗೆ ಬನ್ನಿ ಅಂದರೆ ಬರುವುದಿಲ್ಲ. ಅಮ್ಮ ಮಣಿಪಾಲಕ್ಕೆ ಹೋದರು, ನಿಮಗೆ ಗೊತ್ತಿಲ್ಲವಾ ಅಂತ ಕೇಳಿದೆ. ‘ನನಗೆ ಯಾರೂ ಹೇಳಲಿಲ್ಲ’ ಅಂದರು." ಡುಲ್ಸಿನ್ ಸ್ವರ ತಗ್ಗಿಸಿದಳು. "ಬೇಸರ ಮಾಡಬೇಡಿ, ಅವರು ಬಂದರೆ ನಮ್ಮ ನಾಯಿ ಬೊಗಳುವುದೇ ಇಲ್ಲ. ಮಂಚದ ಅಡಿಗೆ ನುಗ್ಗುತ್ತದೆ. ಯಾಕೆ ಹಾಗೆ?"

ವಸಂತಿ ಮನೆಯ ಹಿಂದಕ್ಕೆ ಹೋದಳು. ನೆತ್ತಿಯ ಮೇಲೆ ಸೂರ್ಯ. ಮುರಕಲ್ಲಿನ ಮೆಟ್ಟಿಲು ಅಂಗಾಲು ಸುಡುವಷ್ಟು ಕಾದಿತ್ತು. ಬಗ್ಗಿ ಕೈ ಆಡಿಸಿದಳು. ಒಂದು ಕಡೆ, ಒಬ್ಬರು ಕೂರುವಷ್ಟು ಜಾಗದಲ್ಲಿ, ಕಲ್ಲು ತಣ್ಣಗಿತ್ತು.

ಕೈ ಹಿಂದಕ್ಕೆ ಎಳೆದುಕೊಂಡಳು. ಓಡಿಹೋಗಬೇಕು ಎನಿಸಿತು. ಆದರೆ ಅರ್ಧ ಊಟಕ್ಕೆ ಏಳುವ ಅಮ್ಮನ ಮುಖ ಕಣ್ಣ ಮುಂದೆ ಬಂತು.

"ಸುಭಾಷಿಣಿಯಕ್ಕ," ಎಂದಳು. "ಅಮ್ಮ ಈಗ ನಮ್ಮೊಟ್ಟಿಗೆ ಇದ್ದಾಳೆ. ನಿನಗೆ ಹೇಳದೆ ಹೋದದ್ದು ತಪ್ಪಾಯಿತು. ಬಾ, ಹೋಗುವ."

ತೆಂಗಿನ ಗರಿ ಕೂಡ ಅಲ್ಲಾಡಲಿಲ್ಲ. ವಸಂತಿ ಭರಣಿ ಎತ್ತಿಕೊಂಡು ಬಸ್ಸಿಗೆ ಬಂದಳು.

ಬಸ್ಸು ತುಂಬಿತ್ತು. ಆದರೂ ಅವಳ ಪಕ್ಕದ ಕಿಟಕಿ ಬದಿಯ ಸೀಟಿನಲ್ಲಿ ಯಾರೂ ಕೂರಲಿಲ್ಲ. ಮೀನಿನ ಬುಟ್ಟಿ ಹಿಡಿದು ನಿಂತಿದ್ದ ಮುದುಕಿಯೊಬ್ಬಳು ಕೊನೆಗೆ ತಡೆಯಲಾರದೆ ಹೇಳಿದಳು: "ನಿಮ್ಮ ಜೊತೆಯವರಿಗೆ ಸ್ವಲ್ಪ ಒತ್ತಿ ಕೂರಲು ಹೇಳಿ ಅಮ್ಮ, ನನಗೆ ಕಾಲು ಸೋಲುತ್ತದೆ."

ವಸಂತಿ ಕಿಟಕಿಯತ್ತ ತಿರುಗಲಿಲ್ಲ. ಎದ್ದು ತನ್ನ ಜಾಗ ಮುದುಕಿಗೆ ಬಿಟ್ಟುಕೊಟ್ಟು, ಉಡುಪಿಯವರೆಗೂ ಭರಣಿ ಅವುಚಿಕೊಂಡು ನಿಂತೇ ಬಂದಳು.

ಮಣಿಪಾಲದ ಮನೆಯ ಬಾಗಿಲಲ್ಲಿ ಅಮ್ಮ ಗೋಡೆ ಹಿಡಿದು ನಿಂತಿದ್ದಳು. ಅವಳ ಕಣ್ಣು ವಸಂತಿಯ ಹೆಗಲಿನಾಚೆಗೆ ಹೋಯಿತು. "ಎಂತ ಬಿಸಿಲಲ್ಲಿ ಬಂದಿರಿ! ಒಳಗೆ ಬನ್ನಿ. ಬೆಲ್ಲ, ನೀರು ಇಟ್ಟಿದ್ದೇನೆ," ಎಂದಳು. ಅಮ್ಮ ವಸಂತಿಯನ್ನು ಎಂದೂ ಬಹುವಚನದಲ್ಲಿ ಕರೆದವಳಲ್ಲ.

ಆ ದಿನದಿಂದ ಅಮ್ಮ ಹೊಟ್ಟೆ ತುಂಬ ಉಂಡಳು. ವಸಂತಿ ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ಅಮ್ಮನ ಸ್ನಾನ ಆಗಿರುತ್ತಿತ್ತು, ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದಾಗಿರುತ್ತಿತ್ತು. ಪೆಟ್ಟಾದ ಮೇಲೆ ಅಮ್ಮನಿಗೆ ಕೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಒಮ್ಮೆ ಬಾಚಣಿಗೆಯಲ್ಲಿ ಅಮ್ಮನ ಬಿಳಿ ಕೂದಲಿನ ಜೊತೆ ಉದ್ದದ ಕಪ್ಪು ಕೂದಲು ಸಿಕ್ಕಿಕೊಂಡಿತ್ತು. ವಸಂತಿಯದ್ದು ಗುಂಗುರು ಕೂದಲು, ಇದು ನೇರವಾಗಿತ್ತು. ದಾಮೋದರ ಮಧ್ಯಾಹ್ನ ಊಟಕ್ಕೆ ಬಂದಾಗ ಕೋಣೆಯಲ್ಲಿ ಇಬ್ಬರು ಹೆಂಗಸರು ಮಾತನಾಡುವುದನ್ನು ಕೇಳಿ, ಚಪ್ಪಲಿ ಕೂಡ ಬಿಡದೆ ಹಿಂದಿರುಗಿ ಹೋಗಿದ್ದ. ಅದನ್ನು ಹೆಂಡತಿಗೆ ಹೇಳಲು ಅವನಿಗೆ ಒಂದು ವಾರ ಬೇಕಾಯಿತು.

ಭಯದ ಜೊತೆ ವಸಂತಿಗೆ ಇನ್ನೊಂದು ಸಂಕಟ. ಒಂದು ಭಾನುವಾರ ಅಮ್ಮನ ಬೆನ್ನು ಉಜ್ಜುವಾಗ ಅವಳು, "ನಿನ್ನ ಕೈ ಒರಟು. ಅಕ್ಕನದ್ದು ಮೆತ್ತಗೆ," ಎಂದುಬಿಟ್ಟಳು. ವಸಂತಿ ಬಚ್ಚಲಲ್ಲೇ ಅತ್ತಳು. ಹುಡುಕಿ ಹುಡುಕಿ ಮನೆ ಹಿಡಿದವಳು ತಾನು; ಅಮ್ಮನ ಆರೈಕೆ ಮಾತ್ರ ಇನ್ನೊಬ್ಬಳ ಪಾಲಾಗಿತ್ತು.

ಅಮ್ಮನೇ ಮಾತು ತೆಗೆದಳು. "ಹೋದ ಮಕ್ಕಳೂ ನಮ್ಮ ಹಾಗೆ ಬೆಳೆಯುತ್ತವೆ ವಸಂತಿ. ಅವಳಿಗೆ ತಲೆ ನರೆಯಿತು. ನಾನು ಸ್ವಾರ್ಥಿ, ಇಷ್ಟು ದಿನ ಇಟ್ಟುಕೊಂಡೆ. ಒಂದು ಮದುವೆ ಮಾಡಬೇಕು. ಹೆಣ್ಣು ಅವಳ ಮನೆ ಸೇರಬೇಕಲ್ಲ."

ಸತ್ತವರಿಗೆ ಮದುವೆ ಮಾಡುವುದು ಅವರ ಕಡೆ ಇದ್ದದ್ದೇ. ದಾಮೋದರ ನಾಲ್ಕು ಕಡೆ ವಿಚಾರಿಸಿದ. ಕಾರ್ಕಳದ ಒಂದು ಮನೆಯಲ್ಲಿ ಮಧ್ವರಾಜ ಎಂಬ ಹುಡುಗ ಎಳವೆಯಲ್ಲೇ ಹಾವು ಕಚ್ಚಿ ತೀರಿಹೋಗಿದ್ದ. ಅವನ ತಾಯಿಯೂ ಹೆಣ್ಣು ಹುಡುಕುತ್ತಿದ್ದಳು. ಆಟಿ ತಿಂಗಳ ಜಡಿಮಳೆಯಲ್ಲಿ ಕಾರ್ಕಳದ ಆ ಮನೆಯ ಚಾವಡಿಯಲ್ಲಿ ಎರಡು ಮಣೆ ಇಟ್ಟರು. ಒಂದರ ಮೇಲೆ ಪಂಚೆ, ಇನ್ನೊಂದರ ಮೇಲೆ ಹಸಿರು ಸೀರೆ. ಹೂವು, ಕರಿಮಣಿ, ಬಳೆ. ಎರಡೂ ಕಡೆಯವರು ಅಕ್ಕಿಕಾಳು ಹಾಕಿದರು. ಕೊನೆಗೆ ತಂಗಿಯಾದ ವಸಂತಿ ಆ ಸೀರೆಯನ್ನು ಎತ್ತಿ ಗಂಡಿನ ತಾಯಿಯ ಕೈಗೆ ಕೊಡಬೇಕಿತ್ತು. ಎತ್ತಿದಳು. ಎಳೆ ಮಗುವನ್ನು ಎತ್ತಿಕೊಂಡಷ್ಟು ಭಾರ ತೋಳಿಗೆ ತಗುಲಿತು. ತೆಗೆದುಕೊಂಡ ಹೆಂಗಸಿನ ಮೊಣಕೈಯೂ ಬಾಗಿದ್ದನ್ನು ಅವಳು ನೋಡಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

ಹಿಂದಿರುಗುವಾಗ ಬಸ್ಸು ಹಿರಿಯಡ್ಕ ಮುಟ್ಟುವವರೆಗೆ ಅಮ್ಮ ಹುಡುಗಿಯನ್ನು ಗಂಡನ ಮನೆಗೆ ಕಳಿಸಿದವರ ಹಾಗೆಯೇ ಅತ್ತಳು.

ಆಮೇಲೆ ಮನೆ ಬರೀ ಮನೆಯಾಯಿತು. ಸ್ನಾನ, ಎಣ್ಣೆ, ಜಡೆ ಎಲ್ಲ ವಸಂತಿಯ ಪಾಲಿಗೆ ಬಂತು. ಅಮ್ಮ "ಮೆಲ್ಲ, ಮೆಲ್ಲ" ಎನ್ನುತ್ತಿದ್ದಳು. ವಸಂತಿ ಕೈ ಹಗುರ ಮಾಡಲು ಕಲಿತಳು. ಕಾಪುವಿನ ಹೆಸರನ್ನು ಅಮ್ಮ ಮತ್ತೆ ಎತ್ತಲಿಲ್ಲ.

ಮರುವರ್ಷ ಆಟಿ ಬಂತು. ಹೊಸ ಮದುಮಗಳು ತವರಿಗೆ ಬಂದು ಕೂರುವ ತಿಂಗಳು.

"ಚಾಪೆ ಒಣಗಿಸಿದ್ದೀಯಾ?" ಅಮ್ಮ ಕೇಳಿದಳು. ಪತ್ರೊಡೆಗೆ ಅರೆಯಲು ಅಕ್ಕಿ ನೆನೆ ಹಾಕಿಸಿದ್ದಳು.

ವಸಂತಿ ಬೇಡ ಎನ್ನಲಿಲ್ಲ. ಅಮ್ಮನ ಕೋಣೆಯಲ್ಲಿ ಚಾಪೆ ಬಿಡಿಸಿದಳು. ಮಧ್ಯಾಹ್ನವೇ ಮೋಡ ಕವಿದು ಒಳಗೆಲ್ಲ ಕತ್ತಲಾಗಿತ್ತು. ದಾಮೋದರ ಎಲೆ ಹಾಕುತ್ತಿದ್ದವನು ಕಿವಿಗೊಟ್ಟು ನಿಂತ. ಹೊರಗಿನ ನಲ್ಲಿಯಲ್ಲಿ ಯಾರೋ ನಿಧಾನವಾಗಿ ಕಾಲು ತೊಳೆಯುತ್ತಿದ್ದರು. ಗಾಜಿನ ಬಳೆಗಳ ಸದ್ದಾಯಿತು.

"ಹೋಗು, ಒದ್ದೆಯಾಗಿದ್ದಾಳೆ," ಎಂದಳು ಅಮ್ಮ.

ವಸಂತಿ ಹಗ್ಗದಿಂದ ತಲೆ ಒರೆಸುವ ಬೈರಾಸು ಎಳೆದುಕೊಂಡು ಬಾಗಿಲಿಗೆ ಹೋದಳು.